ಸಮೋವಾ ಅಚ್ಯುತನ ಒಂದು ಮಾತು

ಅಚ್ಯುತನಷ್ಟು ಸಲ ಸತ್ತ ಮನುಷ್ಯ ತಿರುವನಂತಪುರದಲ್ಲಿ ಇನ್ನೊಬ್ಬನಿರಲಿಲ್ಲ. ಹೀರೋನ ಗುದ್ದಿಗೆ ಸತ್ತ, ಹಿನ್ನೀರಿನಲ್ಲಿ ಮುಳುಗಿ ಸತ್ತ, ಕೊಬ್ಬರಿ ಮೂಟೆ ಮೈಮೇಲೆ ಉರುಳಿ ಸತ್ತ, ಒಂದು ಸಲವಂತೂ ನಾಯಕಿಯ ಕೈಲಿ ಒನಕೆಯ ಪೆಟ್ಟು ತಿಂದು ಸತ್ತ. ಹೀಗೆ ಸತ್ತು ಸುಣ್ಣವಾಗಿ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಹೆಂಡತಿ ಕುಸುಮಾವತಿ ಮಾಡಿಟ್ಟ ಉಪ್ಪಿಟ್ಟು ತಿಂದು ಮಲಗಿದರೆ, ಮಾರನೆಯ ಬೆಳಿಗ್ಗೆ ಚಾಲೈ ಪೇಟೆಯ ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಹಾಜರು. ಮೆಣಸಿನಕಾಯಿ ಮಂಡಿಯ ಸಾಹುಕಾರರು ಚೆಕ್ಕು ಚಾಚುತ್ತಾ, "ಇನ್ನಲೆ ಚತ್ತಲ್ಲೋ ಸಾರೇ!" ಎಂದು ಕಣ್ಣರಳಿಸುವರು. ನಿನ್ನೆ ತಾನೇ ಸತ್ತಿರಲ್ಲ ಸಾರ್, ಅಂತ. ಅಚ್ಯುತ ನಕ್ಕು ಠಸ್ಸೆ ಒತ್ತುವನು.

ಅವನ ಊರು ಮೈಸೂರು ಸೀಮೆಯ ತಿರುಮಕೂಡಲು ನರಸೀಪುರ. ಹುಟ್ಟಿದ ದಿನವೇ ಆರು ತಿಂಗಳ ಕೂಸಿನಷ್ಟಿದ್ದ ಎಂದು ತಾಯಿ ರಾಜಲಕ್ಷ್ಮಮ್ಮ ಹೇಳುತ್ತಿದ್ದರು. ತಾಯಂದಿರ ಮಾತಿನಲ್ಲಿ ಅರ್ಧ ತಳ್ಳಿಹಾಕಿದರೂ ಉಳಿದದ್ದೇ ಸಾಕಷ್ಟಿತ್ತು. ಮೈ ಬೆಳೆಯಿತು, ಭುಜ ಬೆಳೆಯಿತು, ಬಾಗಿಲಲ್ಲಿ ತಲೆ ತಗ್ಗಿಸಿ ನುಗ್ಗುವಷ್ಟು ಎತ್ತರ ಬೆಳೆದ. ಬೆಳೆಯದೆ ಉಳಿದದ್ದು ದನಿಯೊಂದೇ. ಶಾಲೆಯ ನಾಟಕದಲ್ಲಿ ಮೇಷ್ಟ್ರು ಈ ಆಳನ್ನು ನೋಡಿ ರಾಕ್ಷಸನ ವೇಷ ಕಟ್ಟಿಸಿದರು. ಮೀಸೆ, ಗದೆ, ಕೋರೆಹಲ್ಲು ಎಲ್ಲ ಸರಿಯಾಗಿಯೇ ಇತ್ತು. ರಾಕ್ಷಸ ಬಾಯಿ ತೆರೆದು "ಎಲವೋ!" ಅಂದ ನೋಡಿ, ಸಭೆಯಲ್ಲಿದ್ದ ಅಮಲ್ದಾರರು ಎಲೆ ಅಡಿಕೆ ನೆತ್ತಿಗೇರಿ ಕೆಮ್ಮಿ ಕೆಮ್ಮಿ ಎದ್ದು ಹೋದರು. "ಆನೆ ಗಾತ್ರ, ಗುಬ್ಬಿ ಗಂಟಲು" ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. ಮರುವರ್ಷ ಅವನಿಗೆ ಅರಮನೆಯ ಕಂಬದ ಪಕ್ಕದ ಕಾವಲುಗಾರನ ಪಾತ್ರ.

ಅರವತ್ತೆರಡರಲ್ಲಿ ಬ್ಯಾಂಕಿನವರು ಅವನನ್ನು ಕೊಚ್ಚಿಗೆ ವರ್ಗ ಮಾಡಿ, ಮಟ್ಟಾಂಚೇರಿಯ ಶಾಖೆಗೆ ಹಾಕಿದರು. ಮೆಣಸು, ಶುಂಠಿಯ ಘಾಟಿಗೆ ಇಡೀ ಬೀದಿಯೇ ಸೀನುವ ಜಾಗ. ದಿನಾ ಫೆರಿ ಹತ್ತಬೇಕು. ಅವನು ಹತ್ತಿದರೆ ದೋಣಿಯವನು "ಸಾರೇ, ನಡುವೆ, ನಡುವೆ" ಎಂದು ಕೂಗಿ ಮಧ್ಯದ ಹಲಗೆಯ ಮೇಲೆಯೇ ಕೂರಿಸುವನು. ಹಾಗೆ ನಟ್ಟನಡುವೆ ಕೂತಿದ್ದಾಗಲೇ ಅಲ್ಲಿಯ ನಾಟಕ ಸಮಿತಿಯ ಯಜಮಾನ ಇವನನ್ನು ಕಂಡದ್ದು. ಅವರ ಹೊಸ ನಾಟಕದಲ್ಲಿ ಹಡಗು ಒಡೆದು, ನಾಯಕ ತೇಲುತ್ತಾ ಹೋಗಿ ಸಮೋವಾ ಎಂಬ ದ್ವೀಪ ಸೇರುತ್ತಾನೆ. ಆ ದ್ವೀಪಕ್ಕೆ ಒಬ್ಬ ಸರದಾರ ಬೇಕಿತ್ತು.

ಸಮೋವಾ ಎಲ್ಲಿದೆ ಎಂಬುದು ಯಜಮಾನನಿಗೂ ಗೊತ್ತಿಲ್ಲ, ಬರೆದವನಿಗೂ ಗೊತ್ತಿಲ್ಲ. ಸಮುದ್ರದ ನಡುವೆ ಅಂದಮೇಲೆ ತೆಂಗು ಇದ್ದೇ ಇರುತ್ತದೆ ಎಂದು ಅಚ್ಯುತನ ಸೊಂಟಕ್ಕೆ ತೆಂಗಿನ ಗರಿ ಕಟ್ಟಿ, ಕೈಗೊಂದು ಈಟಿ ಕೊಟ್ಟು, ಎದೆಯ ಮೇಲೆ ಕೈಕಟ್ಟಿ ನಿಲ್ಲಿಸಿದರು. ಮಾತಿಲ್ಲ. ಪರದೆ ಎದ್ದು ಅವನು ಕಂಡೊಡನೆ ಜನ ಹೋ ಎಂದರು. ಆಟ ಮುಗಿದ ಮೇಲೆ ಹಡಗಿನ ಕೆಲಸದಲ್ಲಿ ನಾಲ್ಕು ಸಮುದ್ರ ಸುತ್ತಿದ್ದ ಮುದುಕನೊಬ್ಬ ಹಿಂದೆ ಬಂದು, "ನಾನು ಆ ಊರು ನೋಡಿದ್ದೇನೆ ಕಣಯ್ಯಾ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾನುವಾರ ಇಗರ್ಜಿಗೆ ಹೋಗುತ್ತಾರೆ. ನಿನಗೆ ಈ ಗರಿ ಕಟ್ಟಿದ ಮಹಾನುಭಾವ ಯಾರು?" ಎಂದು ಕೇಳಿದ. ಯಜಮಾನ ಸುಮ್ಮನಿರುವವನೇ? "ಈ ಗಾತ್ರದ ಅಂಗಿಗೆ ಬಟ್ಟೆ ನೀನು ತಂದುಕೊಡ್ತೀಯಾ?" ಎಂದ. ಗರಿಯೇ ಖಾಯಮ್ಮಾಯಿತು. ದೇವಸ್ಥಾನದ ಉತ್ಸವ, ಇಗರ್ಜಿಯ ಹಬ್ಬ ಎಲ್ಲೆಡೆ ಅದೇ ನಾಟಕ ಆಡಿ ಆಡಿ, ಅವನ ಹೆಸರೇ ಸಮೋವಾ ಅಚ್ಯುತನ್ ಎಂದಾಗಿಬಿಟ್ಟಿತು.

ಆ ಹೆಸರು ಹಿಡಿದೇ ಸಿನಿಮಾದವರೂ ಹುಡುಕಿಕೊಂಡು ಬಂದರು. ಅರವತ್ತೇಳರಲ್ಲಿ ತಿರುವನಂತಪುರಕ್ಕೆ ವರ್ಗವಾದ ಮೇಲಂತೂ ಸ್ಟುಡಿಯೋ ಕೂಗಳತೆಯಲ್ಲೇ ಇದ್ದಂತಾಯಿತು. ಪಠಾಣ, ಕಳ್ಳಸಾಗಣೆಯವನ ಬಂಟ, ಹೊರನಾಡಿನ ಪೈಲ್ವಾನ, ಹೀಗೆ ಮಲಯಾಳಿಯಲ್ಲದ ದುಷ್ಟ ಎಲ್ಲಿ ಬೇಕಾದರೂ ಅಚ್ಯುತನಿಗೇ ಕರೆ. ಬಾ, ಕಣ್ಣು ಕೆಕ್ಕರಿಸು, ಪೆಟ್ಟು ತಿನ್ನು, ಸಾಯಿ. ಸಾಯುವುದರಲ್ಲಿ ಅವನದು ಎತ್ತಿದ ಕೈ. ಆದರೆ ಮಾತು? ಒಂದೂ ಇಲ್ಲ. ಹೋಗಲಿ, ಸಾಯುವಾಗ "ಆ!" ಎನ್ನುತ್ತಾನಲ್ಲ, ಅದಾದರೂ ಅವನದೇ? ಅದೂ ಅಲ್ಲ. ಯಾವನೋ ಗಡಸು ಗಂಟಲಿನವನನ್ನು ಕರೆಸಿ ಆಮೇಲೆ ಸೇರಿಸುತ್ತಿದ್ದರು. ಚಿತ್ರಮಂದಿರದಲ್ಲಿ ತನ್ನದೇ ಬಾಯಿಂದ ಪರರ ಅರಚಾಟ ಕೇಳಿಸಿದಾಗಲೆಲ್ಲ ಅಚ್ಯುತನ ಮುಖ ಬಾಡುತ್ತಿತ್ತು. ಒಂದು ಮಾತು, ತನ್ನ ದನಿಯಲ್ಲಿ, ಹಿಂದಿನ ಬೆಂಚಿನವರೆಗೂ ಕೇಳಿಸಬೇಕು. ಜೀವನದಲ್ಲಿ ಅವನು ಬೇಡಿದ್ದು ಅಷ್ಟೇ.

"ಹೋಗ್ಲಿ ಬಿಡ್ರೀ, ಮನೇಲಿ ಮಾತಾಡ್ತೀರಲ್ಲ, ಸಾಲದಾ?" ಎಂದಳು ಕುಸುಮಾವತಿ.

"ಮನೇಲಿ ನೀನೆಲ್ಲಿ ಮಾತಾಡಕ್ಕೆ ಬಿಡ್ತೀಯೆ?" ಎಂದ ಅಚ್ಯುತ.

ಎಪ್ಪತ್ತೊಂದರಲ್ಲಿ ದೇವರು ಕಣ್ಣು ಬಿಟ್ಟ. ಪರಮೇಶ್ವರನ್ ಪಿಳ್ಳೆ ಎಂಬ ನಿರ್ದೇಶಕ ಒಂದು ಕಡಲತೀರದ ಕಥೆ ತೆಗೆಯುತ್ತಿದ್ದ. ಅದರಲ್ಲಿ ಒಬ್ಬ ಬಂಟ, ಸಾಯುವ ಮುಂಚೆ ನಾಯಕನ ತಾಯಿಯ ಮಡಿಲಲ್ಲಿ ತಲೆಯಿಟ್ಟು, "ಅಮ್ಮೇ, ಎನಿಕ್ಕು ಮಾಪ್ಪು ತರಣಂ" ಎಂದು ಕ್ಷಮೆ ಬೇಡುತ್ತಾನೆ. "ಇಷ್ಟು ದೊಡ್ಡ ಮನುಷ್ಯನ ಬಾಯಲ್ಲಿ ಮಗುವಿನಂಥ ದನಿ. ಅದೇ ನನಗೆ ಬೇಕು. ಯಾರ ಗಂಟಲೂ ಸೇರಿಸೋದಿಲ್ಲ" ಎಂದ ಪಿಳ್ಳೆ. ಅಚ್ಯುತ ಅವನ ಕಾಲಿಗೆ ಬೀಳುವುದೊಂದು ಬಾಕಿ. ಚಿತ್ರೀಕರಣದ ದಿನ ಹತ್ತಿರ ಬಂದಾಗ ಬ್ಯಾಂಕಿಗೆ ಫೋನು ಮಾಡಿಸುತ್ತೇನೆ ಎಂದು ಪಿಳ್ಳೆ ಹೇಳಿದ. ಆಗೆಲ್ಲ ಗುಮಾಸ್ತರ ಮನೆಯಲ್ಲಿ ಫೋನೆಲ್ಲಿಂದ ಬರಬೇಕು? ಬುಧವಾರ ಆಗಬಹುದು ಎಂಬ ಗಾಳಿಮಾತು ಕೇಳಿಯೇ ಅಚ್ಯುತ ಆ ವಾರವಿಡೀ ರಜೆ ಹಾಕಿ, ಫೋನು ಬಂದರೆ ಹೇಳಿಕಳಿಸಿ ಎಂದು ಬ್ಯಾಂಕಿನಲ್ಲಿ ತಿಳಿಸಿ, ಕರಮನದ ಬಾಡಿಗೆ ಮನೆಯಲ್ಲಿ ಕೂತ.

ಕೂತ ಅಂದರೆ ಕೂತನೇ? ಬಚ್ಚಲಲ್ಲಿ "ಅಮ್ಮೇ", ಊಟದೆಲೆಯ ಮುಂದೆ "ಮಾಪ್ಪು ತರಣಂ". ಕೇರಳದಲ್ಲೇ ಹುಟ್ಟಿ ಬೆಳೆದ ಮಗಳು ನಿರ್ಮಲ ಸ್ಕೂಲಿಗೆ ಹೊರಡುತ್ತಾ "ಅಙ್ಙನೆಯಲ್ಲ ಅಪ್ಪಾ" ಎಂದು ತಿದ್ದುವಳು. ಊರಿಂದ ಬಂದಿದ್ದ ರಾಜಲಕ್ಷ್ಮಮ್ಮ, "ಇಷ್ಟು ಸಲ ನನ್ನನ್ನ ಅಮ್ಮಾ ಅಂದಿದ್ರೆ ನಾನು ಏನು ಬೇಕಾದ್ರೂ ಕ್ಷಮಿಸ್ತಿದ್ದೆ" ಎನ್ನುವರು. ಸೋಮವಾರ ಬೆಳಿಗ್ಗೆ ಅಚ್ಯುತ ಹಿತ್ತಲಿನಲ್ಲಿ ಹಲಸಿನ ಮರದ ಕೆಳಗೆ ಆಕಾಶ ನೋಡುತ್ತಾ ಆ ಮಾತು ಹೇಳುತ್ತಿದ್ದ. ಎಲ್ಲಿತ್ತೋ ಒಂದು ಕಾಗೆ, ಸುಂಯ್ ಎಂದು ಬಂದು ಅವನ ಬೋಳುನೆತ್ತಿಗೆ ಬಡಿದು ಹಾರಿಹೋಯಿತು. ಅವನು ತಲೆ ಒರೆಸಿಕೊಂಡು ಮತ್ತೆ "ಅಮ್ಮೇ" ಅಂದ. ಬಟ್ಟೆ ಹರವುತ್ತಿದ್ದ ರಾಜಲಕ್ಷ್ಮಮ್ಮನ ಮುಖ ಮಾತ್ರ ಬಿಳುಚಿಕೊಂಡಿತು. ತಲೆಗೆ ನೀರು ಸುರಿಸಿ, ಎಳ್ಳುದೀಪ ಹಚ್ಚಿಸಿ, ಸುಮ್ಮನಾದರು. ಸುಮ್ಮನಾದರು ಎಂದು ಅವನು ತಿಳಿದ.

ಮಂಗಳವಾರ ಸಂಜೆ ಅಚ್ಯುತ ಜಗಲಿಯಲ್ಲಿ ದಿಂಬನ್ನೇ ತಾಯಿಯ ಮಡಿಲು ಮಾಡಿಕೊಂಡು, ಕಣ್ಣು ಮೇಲೆ ಮಾಡಿ, ಜೀವ ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದ. ಗೇಟು ಕಿರ್ರೆಂದಿತು. ಬ್ಯಾಂಕಿನ ಏಜೆಂಟರು, ಅಂದರೆ ಈಗಿನ ಮ್ಯಾನೇಜರು, ಮುಂದೆ; ದೊಡ್ಡದೊಂದು ಹೂವಿನ ಚಕ್ರ ಹಿಡಿದ ಹೆಡ್ ಕ್ಲಾರ್ಕ್ ಹಿಂದೆ. ಇಬ್ಬರೂ ಚಪ್ಪಲಿ ಬಿಟ್ಟು ತಲೆ ತಗ್ಗಿಸಿ ನಿಂತರು. ಹೆಣ ಕಣ್ಣು ತೆರೆದು, "ಬನ್ನಿ ಸಾರ್, ಕೂತ್ಕೊಳ್ಳಿ" ಎಂದಿತು. ಹೆಡ್ ಕ್ಲಾರ್ಕ್ ಹೂವಿನ ಚಕ್ರ ಬಿಸಾಡಿ ಗೇಟಿನಾಚೆ ಹೋಗಿ ನಿಂತ.

"ನೀವು... ಇದ್ದೀರಾ?" ಎಂದರು ಏಜೆಂಟರು.

"ರಜಾದಲ್ಲಿದ್ದೀನಿ ಸಾರ್."

ಏಜೆಂಟರು ಜೇಬಿನಿಂದ ಒಂದು ತಂತಿ ತೆಗೆದು ತೋರಿಸಿದರು. ಮೈಸೂರಿನಿಂದ ಅಚ್ಯುತನ ಭಾವ ದಾಮೋದರ ಬ್ಯಾಂಕಿಗೆ ಕಳಿಸಿದ್ದ: ಅಚ್ಯುತ ತೀರಿಕೊಂಡ ಸುದ್ದಿ ಬಂತು, ನಾವು ಹೊರಟಿದ್ದೇವೆ, ಅಂತ್ಯಕ್ರಿಯೆ ತಡೆಯಿರಿ. "ಬೆಳಿಗ್ಗೆಯೇ ಶೋಕಸಭೆ ಮಾಡಿ ಅರ್ಧ ದಿನ ರಜೆ ಕೊಟ್ಟುಬಿಟ್ಟೆ. ಮೇಲಿನವರಿಗೆ ಈಗ ಏನಂತ ಹೇಳಲಿ? ನೀವು ಹೀಗೆಲ್ಲ ಮಾಡಬಾರದು ಅಚ್ಯುತರಾವ್" ಎಂದು ಏಜೆಂಟರು ಬದುಕಿದ್ದಕ್ಕೆ ಗದರಿಸಿ, ಕಾಫಿಯನ್ನೂ ಕುಡಿಯದೆ ಹೋದರು.

ಅಚ್ಯುತ ಒಳಗೆ ತಿರುಗಿದ. ಕುಸುಮಾವತಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು.

"ಕಾಗೆ ಮುಟ್ಟಿತ್ತಲ್ರೀ..." ಎಂದಳು.

ಮುಂದೆ ಹೇಳುವುದೇ ಬೇಕಾಗಲಿಲ್ಲ. ನರಸೀಪುರದಲ್ಲಿ ಹುಟ್ಟಿದವನಿಗೆ ಇದು ಗೊತ್ತಿರದೆ ಏನು? ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ. ಪರಿಹಾರವೆಂದರೆ, ರಕ್ತಸಂಬಂಧಿಗಳಿಗೆ ಅವನು ಸತ್ತನೆಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವಾಗಿ ಅತ್ತರೆ ಬರಬೇಕಾದ ಸಾವು ಆ ಕಣ್ಣೀರಿನಲ್ಲೇ ಕಳೆಯುತ್ತದೆ. ಸುಳ್ಳೆಂದು ಮೊದಲೇ ಹೇಳಿ ಅಳಿಸಿದರೆ ಲೆಕ್ಕಕ್ಕಿಲ್ಲ. ಊರಿನಲ್ಲಾದರೆ ಮೇಲಿನ ಬೀದಿಗೆ ಒಬ್ಬರನ್ನು ಕಳಿಸಿ, ಅಳುವ ಸದ್ದು ಕೇಳಿದ ಕೂಡಲೇ ಬೆನ್ನಿಗೇ ಇನ್ನೊಬ್ಬರನ್ನು ಓಡಿಸಿ, "ಸುಮ್ನಿರಮ್ಮಾ, ಕಾಗೆ ಮುಟ್ಟಿತ್ತು" ಎಂದು ಸಮಾಧಾನ ಮಾಡುವುದು. ಅಳಿಸಿದವರೇ ಅತ್ತವರಿಗೆ ಬೈಸಿಕೊಂಡು ಕಾಫಿ ಕುಡಿದು ಬರುವುದು. ಅತ್ತೆ ಸೊಸೆ ಅದನ್ನೇ ತಿರುವನಂತಪುರದ ತಾರಾಫೀಸಿನಿಂದ ಮಾಡಿದ್ದರು. ಮೈಸೂರಿನಲ್ಲಿದ್ದ ಅಚ್ಯುತನ ಅಕ್ಕ ಕೌಸಲ್ಯಾಗೆ ಮೊದಲು ಸತ್ತ ತಂತಿ, ಸ್ವಲ್ಪ ಹೊತ್ತು ಬಿಟ್ಟು ಬದುಕಿದ ತಂತಿ. ಎರಡನೆಯದು ತಲುಪುವಷ್ಟರಲ್ಲಿ ಅಕ್ಕ ಭಾವ ಮನೆಗೆ ಬೀಗ ಹಾಕಿ ಹೊರಟಾಗಿತ್ತು.

"ನಿಮಗೆ ಬುದ್ಧಿ ನೆಟ್ಟಗಿದೆಯಾ?" ಎಂದು ಅಚ್ಯುತ ಕಿರುಚಿದ. ಆ ದನಿಯಲ್ಲಿ ಕಿರುಚಿದರೆ ಯಾರು ಹೆದರುತ್ತಾರೆ? ಕುಸುಮಾವತಿಗೆ ಮಾತ್ರ ಕಣ್ಣಲ್ಲಿ ನೀರು ತುಂಬಿತು. "ಸಿನಿಮಾದಲ್ಲಿ ಅಷ್ಟು ಸಲ ಸಾಯೋದು ನೋಡಿದ್ದೀನಿ. ನಿಜವಾಗ್ಲೂ ಆಗ್ಬಿಟ್ರೆ ನಾನೇನ್ರೀ ಮಾಡ್ಲಿ?" ಎಂದಳು. ಅವನ ಸಿಟ್ಟು ಅಲ್ಲಿಗೇ ಇಳಿಯಿತು.

ರಾಜಲಕ್ಷ್ಮಮ್ಮನಿಗೆ ಯಾವ ಪಶ್ಚಾತ್ತಾಪವೂ ಇರಲಿಲ್ಲ. "ಹೊರಟಿದ್ದಾಳೆ ಅಂದ್ರೆ ಅತ್ತಿದ್ದಾಳೆ ಅಂತ್ಲೇ ಅರ್ಥ. ನಂಗೆ ಅಷ್ಟೇ ಬೇಕಾಗಿದ್ದು" ಎಂದು ಮಣೆ ಹಾಕಿಕೊಂಡು ಕೂತರು.

ಮಾರನೆಯ ದಿನ ಬೆಳಿಗ್ಗೆ ಅತ್ತೆ ಸೊಸೆ, ಅಕ್ಕನನ್ನು ದಾರಿಯಲ್ಲೇ ಹಿಡಿದು ಸಮಾಧಾನ ಮಾಡುತ್ತೇವೆಂದು ರೈಲ್ವೆ ಸ್ಟೇಷನ್ನಿಗೆ ಹೋದರು. ಅಚ್ಯುತ ಪಕ್ಕದ ಮನೆಯ ಮುದುಕಮ್ಮನಿಗೆ "ಸ್ಟುಡಿಯೋಗೆ ಹೋಗ್ತೀನಿ" ಎಂದು ಹೇಳಿ, ಮನೆಗೆ ಬೀಗ ಹಾಕಿ ಹೊರಟ. ಫೋನು ಬಂದಿರಲಿಲ್ಲ, ನಿಜ. ಆದರೂ ಬುಧವಾರ ಅಂದಿದ್ದರಲ್ಲ, ಹೋಗಿ ನೋಡಿದರಾಯಿತು.

ಸ್ಟುಡಿಯೋ ಗೇಟಿನ ಕಾವಲುಗಾರ ಅವನನ್ನು ಕಂಡು ಕೈಮುಗಿದು ಕಣ್ಣು ಮುಚ್ಚಿದ, ಮತ್ತೆ ತೆರೆಯಲೇ ಇಲ್ಲ. ಮೇಕಪ್ಪಿನವನು ಬಣ್ಣದ ಬಟ್ಟಲು ಬೀಳಿಸಿದ. ಒಳಗೆ ಮರಳು ಸುರಿದು ಕಡಲತೀರ ಮಾಡಿದ್ದರು. ಅಲ್ಲಿ ಕೊಲ್ಲಂ ಕಡೆಯ ಒಬ್ಬ ಜಟ್ಟಿ, ಅಚ್ಯುತನಿಗೆಂದು ಹೊಲಿಸಿದ್ದ ಅಂಗಿ ತೊಟ್ಟು ಬೀಡಿ ಸೇದುತ್ತಿದ್ದ.

"ಎಡೋ ಅಚ್ಯುತಾ!" ಎಂದು ಪಿಳ್ಳೆ ಎದೆ ಹಿಡಿದುಕೊಂಡ. "ನಿನ್ನೆ ಬ್ಯಾಂಕಿಗೆ ಫೋನು ಮಾಡಿಸಿದರೆ, ನೀನು ಸತ್ತೆ, ಈಗಷ್ಟೇ ಶೋಕಸಭೆ ಮುಗಿಯಿತು ಎಂದರಲ್ಲೋ! ನಾನು ಒಂದು ಹೊತ್ತು ಊಟ ಬಿಟ್ಟೆ."

ಆ ಫೋನು ಎತ್ತಿದವನು ಹೂವಿನ ಚಕ್ರ ಹೊತ್ತು ಬಂದಿದ್ದ ಹೆಡ್ ಕ್ಲಾರ್ಕೇ; ಹೆಣ ಮಾತಾಡಿದ ಗಾಬರಿಯಲ್ಲಿ ಅದನ್ನು ಬಾಯಿಬಿಡದೆ ಓಡಿಹೋಗಿದ್ದ. "ಈಗ ಬಂದಿದ್ದೀನಲ್ಲ ಸಾರ್" ಎಂದ ಅಚ್ಯುತ. ಪಿಳ್ಳೆ ತಲೆಯಾಡಿಸಿದ. ತಾಯಿಯ ಪಾತ್ರದ ನಟಿ ಮದ್ರಾಸಿನ ರೈಲು ಹಿಡಿಯಬೇಕಿತ್ತು. ಬೆಳಗಾಗುತ್ತಲೇ ಆ ದೃಶ್ಯ ಮುಗಿಸಿ ಕಳಿಸಿಯಾಗಿತ್ತು. ಜಟ್ಟಿ ಮಾತು ಹೇಳಿದ್ದ, ಮಡಿಲಲ್ಲಿ ಸತ್ತೂ ಇದ್ದ.

ಅಚ್ಯುತ ಮರಳಿನ ಮೇಲೆ ಕುಸಿದು ಕೂತ. ಯಾರನ್ನು ಬೈಯುವುದು? ಹೆತ್ತ ತಾಯಿಯನ್ನೇ? ಕಟ್ಟಿಕೊಂಡವಳನ್ನೇ? ಕಾಗೆಯನ್ನೇ?

ಪಿಳ್ಳೆಗೂ ಪಾಪ ಅನ್ನಿಸಿತು. ಪಾಪ ಅನ್ನಿಸಿದರೂ ಅವನು ಸಿನಿಮಾದವನು. "ಬಂದದ್ದು ಬಂದಿದ್ದೀಯ, ಆ ಕಡೆ ಹೆಣಗಳ ಸಾಲಿನಲ್ಲಿ ಮಲಗು. ಇವರಲ್ಲಿ ಒಬ್ಬನಿಗೂ ಸರಿಯಾಗಿ ಸಾಯಲು ಬರೋದಿಲ್ಲ" ಎಂದ. ಬಂಟರ ಹೆಣಗಳು ದಡಕ್ಕೆ ಬಂದು ಬಿದ್ದಿವೆ, ಮನೆಯ ಹೆಂಗಸರು ಬಂದು ಗೋಳಾಡುತ್ತಾರೆ, ಅದು ದೃಶ್ಯ. ಅಚ್ಯುತ ಅಂಗಿ ಬಿಚ್ಚಿ, ಹಣೆಗೆ ರಕ್ತ ಬಳಿಸಿಕೊಂಡು ಮಲಗಿದ. ಅಳುವ ಹೆಂಗಸರೋ, ಒಂದು ಕಣ್ಣು ಹೆಣದ ಮೇಲೆ, ಇನ್ನೊಂದು ಮೂಲೆಯಲ್ಲಿ ಬಂದಿಳಿದ ಊಟದ ಡಬರಿಯ ಮೇಲೆ. ಮತ್ತೆ ಮತ್ತೆ ತೆಗೆಸಿದರೂ ಕಣ್ಣಲ್ಲಿ ಹನಿ ನೀರಿಲ್ಲ. "ನಿಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲವೇನೇ?" ಎಂದು ಪಿಳ್ಳೆ ಕೂಗಾಡಿ, ಇನ್ನೊಮ್ಮೆ ಕ್ಯಾಮೆರಾ ಓಡಿಸಿದ.

ಅತ್ತ ಅಕ್ಕ ಭಾವ ರೈಲಿನಲ್ಲಿ ಬರಲೇ ಇಲ್ಲ; ಬಸ್ಸಿನ ಮೇಲೆ ಬಸ್ಸು ಹತ್ತಿ ಬಂದು, ಸ್ಟೇಷನ್ನಿನಲ್ಲಿ ಕಾಯುತ್ತಿದ್ದವರ ಎದುರಿನ ಬಸ್ ನಿಲ್ದಾಣದಲ್ಲೇ ಇಳಿದು ಮನೆಗೆ ಹೋಗಿದ್ದರು. ಮನೆಗೆ ಬೀಗ. ಅಳುತ್ತಾ "ಅಚ್ಯುತ, ಅಚ್ಯುತ" ಎಂದು ಕೇಳಿದರೆ ಪಕ್ಕದ ಮುದುಕಮ್ಮ ಕೈತೋರಿಸಿ "ಸ್ಟುಡಿಯೋ" ಎಂದಳು. ದಾಮೋದರನಿಗೆ ಎಲ್ಲ ಅರ್ಥವಾಗಿಬಿಟ್ಟಿತು. "ದೊಡ್ಡ ಹೆಸರು ಮಾಡಿದ್ದ ಕಣೇ ನಿನ್ನ ತಮ್ಮ. ಸಾರ್ವಜನಿಕರ ದರ್ಶನಕ್ಕೆ ಅಲ್ಲಿ ಇಟ್ಟಿದ್ದಾರೆ" ಎಂದು ಟ್ಯಾಕ್ಸಿ ಹಿಡಿದು ಕರೆದುಕೊಂಡು ಬಂದ. ಗೇಟಿನ ಕಾವಲುಗಾರ ಇನ್ನೂ ಕಣ್ಣು ಮುಚ್ಚಿಯೇ ಇದ್ದ.

ಕೌಸಲ್ಯಾ ಒಳಗೆ ಕಾಲಿಟ್ಟಳು. ಎದುರಿಗೆ ಮರಳಿನ ಮೇಲೆ, ಹಣೆಯಲ್ಲಿ ರಕ್ತ, ತಮ್ಮ.

"ಅಯ್ಯೋ ನನ್ನಪ್ಪಾ!" ಎಂದು ಅವಳು ಓಡಿಬಂದು ಅವನ ಎದೆಯ ಮೇಲೆ ಬಿದ್ದಳು. ಪಿಳ್ಳೆ ಕ್ಯಾಮೆರಾದವನ ಭುಜ ಅಮುಕಿ, ನಿಲ್ಲಿಸಬೇಡ ಎಂದು ಸನ್ನೆ ಮಾಡಿದ. "ಎಷ್ಟು ಸಲ ಹೇಳ್ದೆನೋ, ಆ ಕೊಬ್ಬರಿ ಎಣ್ಣೆ ಸಾರು ತಿನ್ಬೇಡ ಅಂತ! ಕೆಂಪಕ್ಕಿ ಅನ್ನ ತಿಂದು ತಿಂದು ಹೋಗ್ಬಿಟ್ಯಲ್ಲೋ! ಕಂಕುಳಲ್ಲಿ ಎತ್ತಿ ಎತ್ತಿ ನನ್ನ ಸೊಂಟ ಮುರಿಸಿದ್ಯಲ್ಲೋ, ಈಗ ಯಾರು ನನ್ನ ಅಕ್ಕಾ ಅಂತಾರೋ! ಏಳೋ ಅಚ್ಚು, ಏಳೋ!"

ಅಚ್ಯುತ ಉಸಿರು ಬಿಗಿಹಿಡಿದ. ಕ್ಯಾಮೆರಾದ ಗರಗರ ಸದ್ದು ಅವನಿಗೆ ಕೇಳಿಸುತ್ತಿತ್ತು. ಹೆಣವಾದವನು ಅಲುಗಬಾರದು, ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಅಲುಗಿದವನಲ್ಲ. ಆದರೆ ಅಕ್ಕನ ಕಣ್ಣೀರು ಬಿಸಿಯಾಗಿ ಅವನ ಕೆನ್ನೆಗೆ ಬಿತ್ತು. ಅವಳು ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಎತ್ತಿ ಆಡಿಸಿದ ಜೀವ ಅದು. ಹಾಳಾಗಿ ಹೋಗಲಿ ಸಿನಿಮಾ ಎಂದುಕೊಂಡು ಅಚ್ಯುತ ಕಣ್ಣು ತೆರೆದ.

"ಅಕ್ಕಾ, ಅಳಬೇಡ್ವೇ. ನಾನಿಲ್ಲೇ ಇದ್ದೀನಿ" ಎಂದ.

ಕೌಸಲ್ಯಾ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಛಟೀರನೆ ಅವನ ಕೆನ್ನೆಗೆ ಬಾರಿಸಿ, ಮತ್ತೆ ತಬ್ಬಿಕೊಂಡು ಮೊದಲಿಗಿಂತ ಜೋರಾಗಿ ಅತ್ತಳು. ಅಷ್ಟು ಹೊತ್ತು ಕಣ್ಣೀರು ಬಾರದಿದ್ದ ಹೆಂಗಸರೆಲ್ಲ ಈಗ ಊಟದ ಡಬರಿ ಮರೆತು ಮೂಗು ಒರೆಸಿಕೊಳ್ಳುತ್ತಿದ್ದರು.

"ಸಾರ್, ನನ್ನ ಮಾತು ಇಟ್ಕೊಳ್ತೀರಾ?" ಎಂದು ಸಂಜೆ ಅಚ್ಯುತ ಪಿಳ್ಳೆಯನ್ನು ಕೇಳಿದ.

"ನೋಡೋಣ" ಎಂದ ಪಿಳ್ಳೆ. ಸಿನಿಮಾದವರ "ನೋಡೋಣ" ಎಂದರೆ ಏನು ಎಂಬುದು ಅಚ್ಯುತನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆಸೆ ಬಿಡಬೇಕಲ್ಲ.

ಮರುವರ್ಷ ಸಿನಿಮಾ ಬಂತು. ಅಕ್ಕ ಭಾವ ಮೈಸೂರಿನಿಂದ ಬಂದರು, ಈ ಸಲ ಯಾವ ತಂತಿಯೂ ಇಲ್ಲದೆ. ಚಿತ್ರಮಂದಿರದಲ್ಲಿ ಎಲ್ಲರೂ ಒಂದೇ ಸಾಲು. ಜಟ್ಟಿ ಗಡಸು ದನಿಯಲ್ಲಿ "ಅಮ್ಮೇ, ಎನಿಕ್ಕು ಮಾಪ್ಪು ತರಣಂ" ಎಂದಾಗ ಕುಸುಮಾವತಿ ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಕಡಲತೀರ ಬಂತು. ತೆರೆಯ ತುಂಬ ಕೌಸಲ್ಯಾ, ಕೊಬ್ಬರಿ ಎಣ್ಣೆ ಸಾರಿನ ಗೋಳಾಟ. ಒಂದಕ್ಷರ ಅರ್ಥವಾಗದಿದ್ದರೂ ಇಡೀ ಮಲಯಾಳಿ ಸಭೆ ಬಿಕ್ಕಿತು. ದಾಮೋದರನಿಗೂ ನಿರ್ಮಲಳಿಗೂ ಮಾತ್ರ ನಗು ತಡೆಯಲಾಗದೆ ಬಾಯಿಗೆ ಬಟ್ಟೆ ತುರುಕಿಕೊಳ್ಳುವ ಹಾಗಾಯಿತು. ಅಚ್ಯುತನಿಗೆ ಅದೊಂದೂ ಕಾಣಿಸಲಿಲ್ಲ. ತೆರೆಯ ಮೇಲೆ ತನ್ನ ರೆಪ್ಪೆ ಅಲುಗುವುದನ್ನೇ ಅವನು ಕಾಯುತ್ತಿದ್ದ.

ರೆಪ್ಪೆ ಅಲುಗುವುದರೊಳಗೆ ತೆರೆಯ ಮೇಲೆ ಸಮುದ್ರ ಬಂತು. ಅಲೆ, ಸೂರ್ಯಾಸ್ತ, ಪಿಟೀಲು. ಕತ್ತರಿಸಿಬಿಟ್ಟಿದ್ದರು. ಸತ್ತವನು ಎದ್ದು ಮಾತಾಡಿದರೆ ಸಿನಿಮಾ ಓಡುತ್ತದೆಯೇ?

ಪಿಟೀಲೂ ನಿಂತಿತು. ನಿಶ್ಶಬ್ದದಲ್ಲಿ ಪಕ್ಕದ ಕುರ್ಚಿಯಿಂದ ಬಿಕ್ಕು ಕೇಳಿಸಿತು. ಕೌಸಲ್ಯಾ ತೆರೆಯನ್ನೇ ನೋಡುತ್ತಾ ನಿಜವಾಗಿಯೂ ಅಳುತ್ತಿದ್ದಳು. ತೆರೆಯ ಮೇಲಿನ ತಮ್ಮ ಈ ಸಲ ಏಳದೆ ಹೋದನಲ್ಲ. ಅಚ್ಯುತ ಅವಳ ಕಡೆ ಬಾಗಿದ.

"ಅಕ್ಕಾ, ಅಳಬೇಡ್ವೇ. ನಾನಿಲ್ಲೇ ಇದ್ದೀನಿ."

ಆ ಸಣ್ಣ ದನಿ ಆ ದೊಡ್ಡ ಹಾಲಿನ ಹಿಂದಿನ ಬೆಂಚಿನವರೆಗೂ ಹೋಯಿತು. ಸಾಲು ಸಾಲಾಗಿ ತಲೆಗಳು ತಿರುಗಿದವು. ಯಾವನೋ "ಅಯ್ಯೋ, ಸಮೋವಾ!" ಎಂದು ಎದ್ದುನಿಂತ. ನಗುವುದೋ ಅಳುವುದೋ ತಿಳಿಯದೆ ಜನ ಎರಡನ್ನೂ ಮಾಡಿದರು.

ಕೌಸಲ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡು, ಸಿಟ್ಟಿನಿಂದ ತೆರೆಯ ಕಡೆ ಕೈ ತೋರಿಸಿದಳು. "ಈ ಮಾತು ಯಾಕೆ ಹಾಕ್ಲಿಲ್ಲವೋ ಅವರು? ಅವತ್ತು ಎಷ್ಟು ಚೆನ್ನಾಗಿ ಹೇಳಿದ್ದೆ!" ಎಂದಳು.

ಇಷ್ಟು ವರ್ಷದಲ್ಲಿ ಅವನು ಆಡಿದ ಮಾತು ಚೆನ್ನಾಗಿತ್ತು ಎಂದು ಯಾರೂ ಹೇಳಿರಲಿಲ್ಲ. ಅಚ್ಯುತನಿಗೆ ಆಗ ಅಳು ಬಂತು.